ಹಿಂದಿನ ಡಿಸ್ಕ್ ಬ್ರೇಕ್ ಪ್ಯಾಡ್: ಪಿಸ್ಟನ್ ಒತ್ತಬೇಡಿ, ತಿರುಗಿಸಿ

ಪ್ರಶ್ನೆ: ನನ್ನದು ಏಳು ವರ್ಷ ಹಳೆಯ ಪೆಟ್ರೋಲ್ ಸೆಡಾನ್. ಮ್ಯಾನುವಲ್ ಗೇರ್, ಫ್ರಂಟ್ ವೀಲ್ ಡ್ರೈವ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಕೈಯಲ್ಲಿ ಎಳೆಯುವ ಹ್ಯಾಂಡ್‌ಬ್ರೇಕ್. ದಿನಾ ರಾಜಾಜಿನಗರದಿಂದ ಬೆಳ್ಳಂದೂರಿಗೆ ಹೋಗಿ ಬರುತ್ತೇನೆ. ಒಂದು ತಿಂಗಳಿಂದ ಹಿಂದಿನ ಎಡ ಚಕ್ರದಲ್ಲಿ ಕೀಚಲು ಸದ್ದು. ಮುಂದಿನ ಪ್ಯಾಡುಗಳನ್ನು ಹಿಂದೆ ನಾನೇ ಬದಲಿಸಿದ್ದೆ. ಅದೇ ಧೈರ್ಯದಲ್ಲಿ ಹಿಂದಿನದಕ್ಕೂ ಕೈ ಹಾಕಿದೆ. ದಪ್ಪನೆಯ ಹೊಸ ಪ್ಯಾಡಿಗೆ ಜಾಗ ಮಾಡಲು ಸಿ ಕ್ಲ್ಯಾಂಪ್ (ಸ್ಕ್ರೂ ಬಿಗಿದು ಒತ್ತುವ ಟೂಲ್) ಹಾಕಿ ಎಷ್ಟು ಬಿಗಿದರೂ, ಪ್ಯಾಡನ್ನು ತಳ್ಳುವ ಪಿಸ್ಟನ್ ಒಳಗೆ ಹೋಗಲಿಲ್ಲ. ಹಳೇ ಪ್ಯಾಡನ್ನೇ ಮತ್ತೆ ಕೂರಿಸಿ ಗ್ಯಾರೇಜಿಗೆ ಒಯ್ದೆ. ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾಮ್ ಆಗಿದೆ, ಎರಡೂ ಕ್ಯಾಲಿಪರ್, ಎರಡೂ ಡಿಸ್ಕ್, ಪ್ಯಾಡ್ ಸೆಟ್ ಎಲ್ಲಾ ಹೊಸದು ಹಾಕಬೇಕು ಅಂದರು. ಇದು ನಿಜವೇ? ಪ್ಯಾಡ್ ಬದಲಿಸುವ ಕೆಲಸ ನಾನೇ ಮಾಡಬಹುದೇ?

ಉತ್ತರ: ನಿಮ್ಮ ಕ್ಯಾಲಿಪರ್ ಜಾಮ್ ಆಗಿಲ್ಲದೇ ಇರುವ ಸಾಧ್ಯತೆಯೇ ಜಾಸ್ತಿ. ನೀವು ಹೇಳಿದ ಲಕ್ಷಣ, ಅಂದರೆ ಕ್ಲ್ಯಾಂಪಿನಿಂದ ನೇರವಾಗಿ ಒತ್ತಿದರೆ ಪಿಸ್ಟನ್ ಅಲ್ಲಾಡದೇ ಇರುವುದು, ಎಳೆಯುವ ಹ್ಯಾಂಡ್‌ಬ್ರೇಕ್ ಇರುವ ಬಹಳಷ್ಟು ಕಾರುಗಳ ಹಿಂದಿನ ಕ್ಯಾಲಿಪರಿನಲ್ಲಿ ಸಹಜ. ಅದು ಉಪ್ಪಿನಕಾಯಿ ಜಾಡಿಯ ಮುಚ್ಚಳದ ಹಾಗೆ. ಒತ್ತಿದರೆ ಹೋಗುವುದಿಲ್ಲ, ತಿರುಗಿಸಿದರೆ ಹೋಗುತ್ತದೆ. ಮುಂದಿನ ಬ್ರೇಕಿನ ಅಭ್ಯಾಸ ಇಟ್ಟುಕೊಂಡು ಹಿಂದಿನದಕ್ಕೆ ಕೈ ಹಾಕಿದವರೆಲ್ಲ ಸಿಕ್ಕಿಹಾಕಿಕೊಳ್ಳುವ ಜಾಗ ಇದೇ.

ಇದು ಯಾಕೆ ಹೀಗೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಗೊತ್ತಾದರೆ ಮಿಕ್ಕ ಕೆಲಸ ತಾನಾಗಿ ಅರ್ಥವಾಗುತ್ತದೆ.

ಮುಂದಿನ ಕ್ಯಾಲಿಪರಿಗೆ ಒಂದೇ ಕೆಲಸ. ಪೆಡಲ್ ಒತ್ತಿದಾಗ ಬ್ರೇಕ್ ಫ್ಲೂಯಿಡ್ ಪಿಸ್ಟನ್ನನ್ನು ಹೊರಗೆ ತಳ್ಳುತ್ತದೆ, ಪ್ಯಾಡ್ ಡಿಸ್ಕನ್ನು ಹಿಡಿಯುತ್ತದೆ. ಹಿಂದಿನ ಕ್ಯಾಲಿಪರಿಗೆ ಎರಡು ಕೆಲಸ. ಪೆಡಲಿಗೂ ಓಗೊಡಬೇಕು, ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದಾಗಲೂ ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯಬೇಕು. ಅದಕ್ಕಾಗಿ ಪಿಸ್ಟನ್ ಒಳಗೆ ಒಂದು ಸ್ಕ್ರೂ, ಅದರ ಮೇಲೆ ಒಂದು ನಟ್ ಇರುತ್ತದೆ. ಕ್ಯಾಲಿಪರಿನ ಹಿಂಭಾಗದಲ್ಲಿ ಕೇಬಲ್ ಸಿಕ್ಕಿಸಿದ ಪುಟ್ಟ ಲಿವರ್ ಕಾಣುತ್ತದಲ್ಲ, ಅದು ತಿರುಗಿದಾಗ ಸ್ಕ್ರೂ ಮುಂದೆ ಸರಿದು ಪಿಸ್ಟನ್ನನ್ನು ತಳ್ಳುತ್ತದೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬರುತ್ತಾ ಹೋಗುತ್ತದೆ. ಒಳಗಿನ ನಟ್ ಸ್ಕ್ರೂ ಮೇಲೆ ತಿರುಗುತ್ತಾ ಆ ಅಂತರವನ್ನು ತುಂಬಿಕೊಳ್ಳುತ್ತದೆ. ಹೀಗೆ ಏಳು ವರ್ಷ ಸುತ್ತು ಸುತ್ತಾಗಿ ಹೊರಗೆ ಬಂದದ್ದನ್ನು ವಾಪಸ್ ಕಳಿಸಬೇಕಾದರೂ ಸುತ್ತಿಸಿಯೇ ಕಳಿಸಬೇಕು. ಬಲವಂತವಾಗಿ ಒತ್ತಿದರೆ ಅಲ್ಲಾಡುವುದಿಲ್ಲ, ಅಥವಾ ಒಳಗಿನ ಅಡ್ಜಸ್ಟರ್, ಅಂದರೆ ಈ ಸ್ಕ್ರೂ ಮತ್ತು ನಟ್, ಹಾಳಾಗುತ್ತದೆ.

ಎಲ್ಲಾ ಕಾರುಗಳ ಹಿಂದಿನ ಡಿಸ್ಕ್ ಹೀಗೇ ಇರುವುದಿಲ್ಲ. ಕೆಲವಲ್ಲಿ ಡಿಸ್ಕಿನ ನಡುವಿನ ಟೋಪಿಯಂಥ ಭಾಗದೊಳಗೆ ಸಣ್ಣ ಡ್ರಮ್ ಇರುತ್ತದೆ. ಹ್ಯಾಂಡ್‌ಬ್ರೇಕಿನ ಶೂಗಳು ಅದರಲ್ಲಿ ಪ್ರತ್ಯೇಕವಾಗಿ ಕೂತಿರುತ್ತವೆ. ಅಂಥ ಕಾರಿನ ಪಿಸ್ಟನ್ ಮುಂದಿನದರ ಹಾಗೆ ನೇರ ಒತ್ತಿದರೆ ಹೋಗುತ್ತದೆ. ಇನ್ನು ಕೆಲವಲ್ಲಿ ಬಟನ್ ಒತ್ತುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್. ಕ್ಯಾಲಿಪರ್ ಬೆನ್ನಿಗೆ ಸಣ್ಣ ಮೋಟರ್ ಇರುತ್ತದೆ. ಅದನ್ನು ಸ್ಕ್ಯಾನರ್ (ಕಾರಿನ ಕಂಪ್ಯೂಟರಿಗೆ ಜೋಡಿಸುವ ಉಪಕರಣ) ಹಾಕಿಯೋ, ಆ ಕಾರಿನ ಕಂಪನಿ ಹೇಳಿದ ಕ್ರಮದಲ್ಲೋ ಸರ್ವಿಸ್ ಮೋಡಿಗೆ ತಂದ ಮೇಲಷ್ಟೇ ಪಿಸ್ಟನ್ ಮುಟ್ಟಬೇಕು. ಇಲ್ಲದಿದ್ದರೆ ಮೋಟರಿನ ಗೇರ್ ಮುರಿಯಬಹುದು. ಕೆಲಸದ ನಡುವೆ ಯಾರಾದರೂ ಬಟನ್ ಒತ್ತಿದರೆ ಬೆರಳು ಜಜ್ಜಿಹೋಗುತ್ತದೆ. ಸ್ಕ್ಯಾನರ್ ಇಲ್ಲದವರು ಅಂಥ ಕಾರನ್ನು ಮನೆಯಲ್ಲಿ ಬಿಚ್ಚಬೇಡಿ ಅಂತಲೇ ನಾನು ಹೇಳುವುದು. ನಿಮ್ಮ ಕಾರಿನ ಹಿಂದಿನ ಕ್ಯಾಲಿಪರ್ ನೋಡಿ. ಅದಕ್ಕೇ ಕೇಬಲ್ ಬಂದು ಸೇರಿದ್ದು, ಪಿಸ್ಟನ್ ಮುಖದ ಮೇಲೆ ಅಡ್ಡ ಗೆರೆ ಅಥವಾ ಪ್ಲಸ್ ಆಕಾರದ ಕೊರೆತ ಇದ್ದರೆ ಅದು ತಿರುಗಿಸುವ ಪಿಸ್ಟನ್. ಅನುಮಾನವೇ ಬೇಡ.

ಈಗ ಗ್ಯಾರೇಜಿನವರ ಮಾತಿಗೆ ಬರೋಣ. ಅವರು ಹೇಳಿದ್ದು ಪೂರ್ತಿ ಸುಳ್ಳು ಅಂತ ನೋಡದೇ ಹೇಳಲಾರೆ. ಆದರೆ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ಡಿಸ್ಕ್ ಬೇಕು ಅಂದವರು ಅಳತೆ ತೋರಿಸಿದರಾ? ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೆತ್ತಿರುತ್ತಾರೆ. ಮಧ್ಯಮ ಗಾತ್ರದ ಕಾರುಗಳ ಹಿಂದಿನ ಡಿಸ್ಕ್ ಸಾಮಾನ್ಯವಾಗಿ ಒಳಗೆ ಪೊಳ್ಳಿಲ್ಲದ ಒಂದೇ ಹಲಗೆ. ಹೊಸದಿದ್ದಾಗ ಸುಮಾರು 9ರಿಂದ 10 ಮಿಲಿಮೀಟರ್, ಕನಿಷ್ಠ ಮಿತಿ 8ರ ಆಸುಪಾಸು. ನಿಮ್ಮ ಡಿಸ್ಕಿನ ಮೇಲೆ ಕೆತ್ತಿದ ಸಂಖ್ಯೆಯೇ ಕೊನೆಯ ಮಾತು. ಸಾದಾ ವರ್ನಿಯರ್ ಇಟ್ಟರೆ ಅಂಚಿನ ತುಕ್ಕಿನ ದಿಂಡು ಅಡ್ಡ ಬಂದು ತಪ್ಪು ಅಳತೆ ಬರುತ್ತದೆ. ಅದಕ್ಕೆ ಒಂದು ಉಪಾಯ ಇದೆ. ಡಿಸ್ಕಿನ ಎರಡೂ ಕಡೆ ಒಂದೊಂದು ರೂಪಾಯಿ ನಾಣ್ಯ ಇಟ್ಟು ಅದರ ಮೇಲೆ ವರ್ನಿಯರ್ ಹಿಡಿಯಿರಿ. ಆಮೇಲೆ ಆ ಎರಡು ನಾಣ್ಯಗಳ ದಪ್ಪ ಅಳೆದು ಕಳೆಯಿರಿ. ಮಿತಿಗಿಂತ ಚೆನ್ನಾಗಿ ಮೇಲಿದ್ದು, ಆಳವಾದ ಗೀರು, ಬಿರುಕು ಇಲ್ಲದಿದ್ದರೆ, ಬ್ರೇಕ್ ಹಿಡಿದಾಗ ಪೆಡಲ್ ನಡುಗದಿದ್ದರೆ, ಡಿಸ್ಕ್ ಬದಲಿಸುವ ಅಗತ್ಯವಿಲ್ಲ. ಲೇತಿಗೆ ಕೊಟ್ಟು ಸ್ಕಿಮ್ಮಿಂಗ್ (ಮೇಲ್ಮೈ ಕೆರೆದು ಸಮ ಮಾಡುವುದು) ಮಾಡಿಸುವುದು ಹಿಂದಿನ ತೆಳು ಡಿಸ್ಕಿಗೆ ನನಗೆ ಇಷ್ಟವಿಲ್ಲ. ಇರುವುದೇ ಒಂದೆರಡು ಮಿಲಿಮೀಟರ್ ಬಂಡವಾಳ, ಅದನ್ನು ಸುಮ್ನೆ ಕೆರೆದು ಹಾಕಿದ ಹಾಗಾಗುತ್ತದೆ.

ಸದ್ದಿನ ಬಗ್ಗೆ. ಬಹಳ ಪ್ಯಾಡುಗಳಲ್ಲಿ ಪುಟ್ಟ ಲೋಹದ ನಾಲಗೆ ಇರುತ್ತದೆ. ಪ್ಯಾಡಿನ ಉಜ್ಜುವ ಭಾಗ ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕೀಚ್ ಅನ್ನುತ್ತದೆ. ಬದಲಿಸಿ ಅಂತ ಹೇಳುವ ಎಚ್ಚರಿಕೆ ಅದು. ಸದ್ದು ಕೀಚಲಿನಿಂದ ಕರಕರ ಅಂತ ಕಬ್ಬಿಣ ಉಜ್ಜುವ ಸದ್ದಿಗೆ ತಿರುಗಿದ್ದರೆ ಪ್ಯಾಡಿನ ಹಿಂದಿನ ಲೋಹದ ಪಟ್ಟಿಯೇ ಡಿಸ್ಕ್ ತಿನ್ನುತ್ತಿದೆ. ಆಗ ಬೆಳ್ಳಂದೂರಿಗೆ ಇನ್ನೊಂದು ದಿನ ಹೋಗಿಬರೋಣ ಅನ್ನುವ ಯೋಚನೆ ಬೇಡ. ಕಾರು ನಿಲ್ಲಿಸಿ. ತಿಂಗಳಿಂದ ಸದ್ದು ಬರುತ್ತಿದೆ ಅಂದಿದ್ದೀರಿ, ಹಾಗಾಗಿ ಇದನ್ನು ಈ ವಾರವೇ ಮುಗಿಸಿ.

ಹಿಂದಿನ ಪ್ಯಾಡ್ ಇಷ್ಟು ಬೇಗ ಯಾಕೆ ಹೋಯಿತು ಅಂತ ಬಹಳ ಜನ ಕೇಳುತ್ತಾರೆ. ಜೋರಾಗಿ ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹೆಚ್ಚಿನ ಕೆಲಸ ಮುಂದಿನ ಬ್ರೇಕೇ ಮಾಡುತ್ತದೆ. ಇದು ನಿಜ. ಆದರೆ ನಮ್ಮೂರಿನಲ್ಲಿ ಜೋರಾಗಿ ಬ್ರೇಕ್ ಹಾಕುವ ವೇಗ ಎಲ್ಲಿ ಸಿಗುತ್ತದೆ? ಸಿಲ್ಕ್ ಬೋರ್ಡಿನಿಂದ ಅಗರ ದಾಟುವಷ್ಟರಲ್ಲಿ ಮಾಡುವುದೆಲ್ಲ ಮೆಲ್ಲಗೆ ಕಾಲಿಡುವ, ಬಿಡುವ, ಮತ್ತೆ ಇಡುವ ಬ್ರೇಕು. ಮೆಲ್ಲಗೆ ಒತ್ತುವಾಗ ಬ್ರೇಕಿನ ಬಲ ಹಂಚುವ ಎಲೆಕ್ಟ್ರಾನಿಕ್ ವ್ಯವಸ್ಥೆ ಹಿಂದಿನ ಚಕ್ರಗಳಿಗೂ ಒಳ್ಳೆಯ ಪಾಲು ಕೊಡುತ್ತದೆ. ಹಿಂದಿನ ಪ್ಯಾಡ್ ಗಾತ್ರದಲ್ಲೂ ಚಿಕ್ಕದು. ಹಾಗಾಗಿ ಕೆಲವು ಕಾರುಗಳಲ್ಲಿ ಹಿಂದಿನದೇ ಮೊದಲು ಸವೆಯುತ್ತದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಇನ್ನೊಂದು ಕಾರಣ ನಮ್ಮ ಅಪಾರ್ಟ್‌ಮೆಂಟುಗಳಲ್ಲೇ ಇದೆ. ಬೆಳಗ್ಗೆ ಕಾರು ತೊಳೆಯುವವರು ಬಕೆಟ್ ನೀರು ಹಾಕಿ ಚಕ್ರವನ್ನೂ ತೊಳೆದು ಹೋಗುತ್ತಾರೆ. ಹ್ಯಾಂಡ್‌ಬ್ರೇಕ್ ಎಳೆದೇ ಇರುತ್ತದೆ. ಮಳೆಗಾಲದಲ್ಲಿ ಬೇಸ್‌ಮೆಂಟಿನ ತೇವಕ್ಕೆ ಆ ನೀರು ಒಣಗುವುದಿಲ್ಲ. ಎರಡು ಮೂರು ದಿನ ಕಾರು ತೆಗೆಯದಿದ್ದರೆ ಪ್ಯಾಡ್ ಡಿಸ್ಕಿಗೆ ಅಂಟಿಕೊಂಡು, ಹೊರಡುವಾಗ ಟಪ್ ಅಂತ ಬಿಡುತ್ತದೆ. ಪದೇಪದೇ ಹೀಗಾದರೆ ಪ್ಯಾಡ್ ಕೂರುವ ಜಾಗದಲ್ಲಿ, ಕ್ಯಾಲಿಪರ್ ಜಾರುವ ಪಿನ್ನುಗಳಲ್ಲಿ ತುಕ್ಕು ಸೇರುತ್ತದೆ. ಸಮತಟ್ಟಾದ ಜಾಗದಲ್ಲಿ ಹೆಚ್ಚು ದಿನ ನಿಲ್ಲಿಸುವುದಾದರೆ ಮೊದಲ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಮರದ ತುಂಡು ಕೊಟ್ಟು, ಹ್ಯಾಂಡ್‌ಬ್ರೇಕ್ ಸಡಿಲಿಸಿ ಇಡುವುದು ಒಳ್ಳೆಯದು. ಇಳಿಜಾರಿನಲ್ಲಿ ಮಾತ್ರ ಹೀಗೆ ಮಾಡಬೇಡಿ.

ಸಾಮಾನು ತರುವ ವಿಷಯ. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗುವುದಾದರೆ ವಾರದ ದಿನ ಹೋಗಿ, ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಆರ್‌ಸಿ ಕಾರ್ಡಿನ ಫೋಟೊ, ಷಾಸಿ ನಂಬರ್ ಇಟ್ಟುಕೊಂಡಿರಿ. ಒಂದೇ ಮಾಡೆಲಿನಲ್ಲಿ ವರ್ಷ ಬದಲಾದರೆ ಕ್ಯಾಲಿಪರ್ ಬದಲಾಗಿರುವುದುಂಟು. ಬರೀ ಕಾರಿನ ಹೆಸರು ಹೇಳಿದರೆ ತಪ್ಪು ಸೆಟ್ ಕೈಗೆ ಬರುತ್ತದೆ. ಹಳೇ ಪ್ಯಾಡ್ ಬಿಚ್ಚಿ ಫೋಟೊ ತೆಗೆದಿದ್ದರೆ ಇನ್ನೂ ಒಳ್ಳೆಯದು. ಕಂಪನಿಯ ಜೆನ್ಯೂನ್ ಪಾರ್ಟ್ ಅಥವಾ ಬಾಷ್, ಬ್ರೆಂಬೊ, ರಾಣೆಯಂಥ ಗೊತ್ತಿರುವ ಹೆಸರಿನದು ತಗೊಳ್ಳಿ, ಬಿಲ್ ಸಮೇತ. ಬ್ರೇಕಿನಲ್ಲಿ ಬಿಲ್ ಇಲ್ಲದ ಅಗ್ಗದ ಮಾಲಿಗೆ ನಾನು ಯಾವತ್ತೂ ಒಪ್ಪುವುದಿಲ್ಲ. ಡಬ್ಬದ ಮುದ್ರಣ ಮಸುಕಾಗಿದ್ದರೆ, ಪ್ಯಾಡಿನ ಹಿಂದೆ ಪಾರ್ಟ್ ನಂಬರ್ ಇಲ್ಲದಿದ್ದರೆ, ಉಜ್ಜುವ ಭಾಗದ ಅಂಚು ಪುಡಿ ಉದುರುವಂತಿದ್ದರೆ ವಾಪಸ್ ಕೊಟ್ಟುಬಿಡಿ. ಪ್ಯಾಡಿನ ಜತೆ ಹೊಸ ಸ್ಟೀಲ್ ಕ್ಲಿಪ್ಪುಗಳು, ಹಿಂದೆ ಅಂಟಿಸುವ ಶಿಮ್ (ತೆಳು ತಗಡು) ಬರುತ್ತವಾ ನೋಡಿ. ಅವನ್ನು ಬಿಟ್ಟು ಹಾಕಿದ್ದಕ್ಕೇ ಹೊಸ ಪ್ಯಾಡ್ ಕೂಡ ಕಿರುಚುವುದುಂಟು. ಎಡ ಬಲ ಎರಡೂ ಚಕ್ರದ ನಾಲ್ಕು ಪ್ಯಾಡನ್ನೂ ಒಟ್ಟಿಗೇ ಬದಲಿಸಬೇಕು. ಸದ್ದು ಎಡಗಡೆ ಮಾತ್ರ ಬರುತ್ತಿದೆ ಅಂತ ಒಂದೇ ಕಡೆ ಹಾಕಿದರೆ ಬ್ರೇಕ್ ಹಿಡಿದಾಗ ಕಾರು ಒಂದು ಬದಿಗೆ ಎಳೆಯಬಹುದು.

ಟೂಲ್ ವಿಷಯದಲ್ಲಿ ನಿಮಗೆ ಬೇಕಾದ ಹೊಸದು ಎಂದರೆ ಪಿಸ್ಟನ್ ತಿರುಗಿಸುವ ವಿಂಡ್‌ಬ್ಯಾಕ್ ಕಿಟ್. ಅದು ಒಂದು ಕೈಯಲ್ಲಿ ಒತ್ತುತ್ತಾ ಇನ್ನೊಂದರಲ್ಲಿ ತಿರುಗಿಸುವ ಹಾಗಿರುತ್ತದೆ, ಬೇರೆಬೇರೆ ಪಿಸ್ಟನ್ನಿಗೆ ಬೇರೆಬೇರೆ ಬಿಲ್ಲೆ ಕೊಡುತ್ತಾರೆ. ಬೋಲ್ಟನ್ನು ಹೇಳಿದಷ್ಟೇ ಬಲಕ್ಕೆ ಬಿಗಿಯುವ ಟಾರ್ಕ್ ವ್ರೆಂಚ್, ಎತ್ತಿದ ಕಾರನ್ನು ಹೊರುವ ಜಾಕ್ ಸ್ಟ್ಯಾಂಡ್, ಬ್ರೇಕ್ ಕ್ಲೀನರ್, ಸ್ಲೈಡ್ ಪಿನ್ನಿಗೆ ಹಾಕುವ ಸಿಲಿಕಾನ್ ಗ್ರೀಸ್, ತಂತಿ ಬ್ರಷ್, ಮಾಸ್ಕ್ ಇಷ್ಟಿರಲಿ. ಸಾದಾ ಹಳದಿ ಗ್ರೀಸ್, ಎಂಜಿನ್ ಆಯಿಲ್ ಹತ್ತಿರವೂ ತರಬೇಡಿ. ಬ್ರೇಕಿನ ರಬ್ಬರು ಪೆಟ್ರೋಲಿಯಂ ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಪಿನ್ ಸಿಕ್ಕಿಹಾಕಿಕೊಳ್ಳುವುದಕ್ಕೆ ಅದೂ ಒಂದು ಕಾರಣ.

ಕೆಲಸಕ್ಕೆ ಜಾಗ ಸಮತಟ್ಟಾಗಿರಬೇಕು. ಬೇಸ್‌ಮೆಂಟಿನ ಇಳಿಜಾರಿನಲ್ಲಿ, ಕೆಸರು ಮಣ್ಣಿನ ಮೇಲೆ ಬೇಡ. ಇಲ್ಲಿ ಹಿಂದಿನ ಬ್ರೇಕ್ ಕೆಲಸದ ದೊಡ್ಡ ಅಪಾಯ ಒಂದಿದೆ. ಪಿಸ್ಟನ್ ಒಳಗೆ ಹೋಗಬೇಕಾದರೆ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಅಂದರೆ ಕಾರನ್ನು ಹಿಡಿದಿಡುವುದು ನಿಮ್ಮ ಗೇರ್ ಮತ್ತು ಮುಂದಿನ ಚಕ್ರಕ್ಕೆ ಇಟ್ಟ ತಡೆ ಮಾತ್ರ. ನಿಮ್ಮದು ಫ್ರಂಟ್ ವೀಲ್ ಡ್ರೈವ್ ಆದ್ದರಿಂದ ಮೊದಲ ಗೇರ್ ಹಾಕಿ, ಎರಡೂ ಮುಂದಿನ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ. ಹಿಂದಿನ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿಗಳಲ್ಲಿ ಹಿಂದಿನ ಚಕ್ರ ಎತ್ತಿದ ಕೂಡಲೇ ಗೇರಿನ ಹಿಡಿತ ತಪ್ಪಿಹೋಗುತ್ತದೆ, ಅಂಥವರು ಇನ್ನೂ ಹುಷಾರಾಗಿರಬೇಕು. ಡಿಕ್ಕಿಯಲ್ಲಿ ಬರುವ ಜಾಕಿ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನಡಿ ಕೈ ತೂರಿಸಬೇಡಿ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ, ಕಾರನ್ನು ಅಲ್ಲಾಡಿಸಿ ನೋಡಿ, ಆಮೇಲೆ ಕೆಲಸ.

ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ. ಬಾನೆಟ್ ತೆಗೆದು ಬ್ರೇಕ್ ಫ್ಲೂಯಿಡ್ ಡಬ್ಬಿಯ ಮಟ್ಟ ನೋಡಿ. ಪ್ಯಾಡ್ ಸವೆದಂತೆ ಮಟ್ಟ ಇಳಿಯುವುದು ಸಹಜ. ಯಾರೋ ಸರ್ವಿಸಿನಲ್ಲಿ ಅದನ್ನು ಕಂಡು ಮೇಲಿನ ಗೆರೆವರೆಗೆ ತುಂಬಿದ್ದರೆ, ಈಗ ಪಿಸ್ಟನ್ ಒಳಗೆ ಹೋದಾಗ ಉಕ್ಕಿ ಹರಿಯುತ್ತದೆ. ಬ್ರೇಕ್ ಫ್ಲೂಯಿಡ್ ಬಣ್ಣ ತಿನ್ನುತ್ತದೆ. ಹೊಸ ಸಿರಿಂಜಿನಲ್ಲಿ ಸ್ವಲ್ಪ ತೆಗೆದುಬಿಡಿ.

ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದು ಬದಿಗೆ ಹೋಗಿ. ಯಾವುದು ಹೇಗೆ ಕೂತಿತ್ತು ಅನ್ನುವ ಗೊಂದಲವಾದರೆ ಬಿಚ್ಚದ ಕಡೆ ನೋಡಬಹುದು. ಕ್ಯಾಲಿಪರಿನ ಎರಡು ಬೋಲ್ಟ್ ಬಿಚ್ಚುವಾಗ ಪಿನ್ ಕೂಡ ಜತೆಗೇ ತಿರುಗುತ್ತದೆ. ತೆಳು ಸ್ಪ್ಯಾನರಿನಲ್ಲಿ ಪಿನ್ನನ್ನು ಹಿಡಿದುಕೊಳ್ಳಿ. ಕ್ಯಾಲಿಪರ್ ಕೈಗೆ ಬಂದ ಮೇಲೆ ಅದನ್ನು ಫ್ಲೂಯಿಡ್ ಬರುವ ರಬ್ಬರ್ ಹೋಸಿನಲ್ಲಿ ನೇತುಬಿಡಬೇಡಿ. ತಂತಿ ಹಾಕಿ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಕ್ಯಾಲಿಪರ್ ಬಿಚ್ಚಿರುವಾಗ ಯಾರೂ ಬ್ರೇಕ್ ಪೆಡಲ್ ಒತ್ತಬಾರದು. ಮನೆಯ ಮಕ್ಕಳು ಕಾರಿನೊಳಗೆ ಕೂರುವ ಅಭ್ಯಾಸವಿದ್ದರೆ ಬಾಗಿಲು ಲಾಕ್ ಮಾಡಿ ಕೀ ಜೇಬಿನಲ್ಲಿಟ್ಟುಕೊಳ್ಳಿ. ಪ್ಯಾಡಿನ ಧೂಳನ್ನು ಬಾಯಲ್ಲಿ ಊದುವುದು, ಗಾಳಿ ಪೈಪ್ ಹಿಡಿಯುವುದು ಬೇಡ. ಬ್ರೇಕ್ ಕ್ಲೀನರ್ ಹೊಡೆದು ಬಟ್ಟೆಯಲ್ಲಿ ಒರೆಸಿ. ಆ ಧೂಳು ಶ್ವಾಸಕೋಶಕ್ಕೆ ಹೋಗುವಂಥದ್ದಲ್ಲ.

ಹಳೇ ಪ್ಯಾಡುಗಳನ್ನು ಎಸೆಯುವ ಮೊದಲು ಸಾಲಾಗಿ ಇಟ್ಟು ನೋಡಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬಹಳ ಮುಖ್ಯವಾದದ್ದು ಈ ಐದು ನಿಮಿಷ. ಒಳಗಿನ ಪ್ಯಾಡ್ ಪೂರ್ತಿ ಸವೆದು ಹೊರಗಿನದು ದಪ್ಪಗೇ ಇದ್ದರೆ ಕ್ಯಾಲಿಪರ್ ಪಿನ್ನಿನ ಮೇಲೆ ಜಾರುತ್ತಿಲ್ಲ, ಅಥವಾ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ತೆಳು, ಇನ್ನೊಂದು ತುದಿಯಲ್ಲಿ ದಪ್ಪ ಇದ್ದರೆ ಅದು ತಾನು ಕೂರುವ ಬ್ರ್ಯಾಕೆಟ್ಟಿನಲ್ಲಿ ಓರೆಯಾಗಿ ಸಿಕ್ಕಿಕೊಂಡಿತ್ತು. ಎಡಗಡೆಯ ಎರಡೂ ಪ್ಯಾಡ್ ಬಲಗಡೆಯದಕ್ಕಿಂತ ಬಹಳ ಸವೆದಿದ್ದರೆ ಎಡಗಡೆಯ ಬ್ರೇಕ್ ಪೂರ್ತಿ ಬಿಡುತ್ತಿಲ್ಲ, ಹ್ಯಾಂಡ್‌ಬ್ರೇಕ್ ಕೇಬಲ್ ನೋಡಬೇಕು. ನಿಮಗೆ ಸದ್ದು ಒಂದೇ ಕಡೆಯಿಂದ ಬರುತ್ತಿರುವುದರಿಂದ ಇದನ್ನು ತಪ್ಪದೇ ನೋಡಿ. ಕಾರಣ ಹುಡುಕದೆ ಹೊಸ ಪ್ಯಾಡ್ ಹಾಕಿದರೆ ಅದೂ ಅದೇ ಥರ ಸವೆದು ಬೇಗ ಮತ್ತೆ ಕೀಚಲು ಶುರುವಾಗುತ್ತದೆ.

ಸ್ಲೈಡ್ ಪಿನ್ನುಗಳನ್ನು ಹೊರಗೆಳೆದು ಹಳೇ ಗ್ರೀಸ್ ಒರೆಸಿ, ಹೊಸ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ. ಮೇಲಿನ ಪಿನ್ ಕೆಳಗೆ, ಕೆಳಗಿನದು ಮೇಲೆ ಹಾಕಬೇಡಿ. ಕೆಲವು ಕಾರುಗಳಲ್ಲಿ ಒಂದಕ್ಕೆ ರಬ್ಬರ್ ತೋಳು ಇರುತ್ತದೆ, ಎರಡೂ ಒಂದೇ ಅಲ್ಲ. ಬೆರಳಿನಿಂದ ಒತ್ತಿದರೆ ಸರಾಗವಾಗಿ ಹೋಗಿ ಬರಬೇಕು. ಬ್ರ್ಯಾಕೆಟ್ಟಿನಲ್ಲಿ ಹಳೇ ಸ್ಟೀಲ್ ಕ್ಲಿಪ್ಪಿನ ಕೆಳಗೆ ತುಕ್ಕು ಉಬ್ಬಿ ಪ್ಯಾಡಿಗೆ ಜಾಗ ಬಿಗಿಯಾಗಿರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ ಬರಿ ಲೋಹ ಕಾಣುವಷ್ಟು ಸ್ವಚ್ಛ ಮಾಡಿ, ಹೊಸ ಕ್ಲಿಪ್ ಕೂರಿಸಿ. ಹೊಸ ಪ್ಯಾಡ್ ಸುತ್ತಿಗೆ ಇಲ್ಲದೆ, ಕೈಯಲ್ಲೇ ಕೂರಬೇಕು, ಕೈಯಲ್ಲೇ ಸರಿದಾಡಬೇಕು.

ಇನ್ನು ಪಿಸ್ಟನ್. ವಿಂಡ್‌ಬ್ಯಾಕ್ ಟೂಲ್ ಕೂರಿಸಿ ಮೆಲ್ಲಗೆ ತಿರುಗಿಸಿ. ಬಹಳ ಕಾರುಗಳಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಒಳಗೆ ಹೋಗುತ್ತದೆ. ಕೆಲವು ಕಾರುಗಳಲ್ಲಿ ಎಡಗಡೆಯದು ಉಲ್ಟಾ ದಿಕ್ಕು. ನಿಮ್ಮ ಮಾಡೆಲಿನ ವರ್ಕ್‌ಶಾಪ್ ಮ್ಯಾನುವಲ್ ನೋಡಿಕೊಂಡೇ ಶುರು ಮಾಡಿ. ಮ್ಯಾನುವಲ್ ಸಿಗದಿದ್ದರೆ ಕೈಬಲವನ್ನಷ್ಟೇ ಬಳಸಿ ಸ್ವಲ್ಪ ತಿರುಗಿಸಿ ನೋಡಿ. ಹೊರಗೆ ಬರುತ್ತಿದ್ದರೆ ತಕ್ಷಣ ನಿಲ್ಲಿಸಿ ದಿಕ್ಕು ಬದಲಿಸಿ. ತಿರುಗಿಸುವಾಗ ಪಿಸ್ಟನ್ ಸುತ್ತಲಿನ ರಬ್ಬರ್ ಬೂಟ್ ಜತೆಯಲ್ಲೇ ಸುತ್ತಿಕೊಳ್ಳದಂತೆ ನೋಡುತ್ತಿರಿ. ಮುದುಡಿದರೆ ಬೆರಳಿನಿಂದ ಸರಿಮಾಡಿ. ಹರಿದ ಬೂಟಿನೊಳಗೆ ನೀರು ಹೋದರೆ ಆಗ ನಿಜವಾಗಿ ಕ್ಯಾಲಿಪರ್ ಜಾಮ್ ಆಗುತ್ತದೆ.

ತಿರುಗಿಸಲು ಹೋದರೂ ಬಿಗಿಯಾಗಿದ್ದರೆ ಕ್ಯಾಲಿಪರನ್ನು ಬೈಯುವ ಮೊದಲು ಕೇಬಲ್ ನೋಡಿ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದಾಗ ಕ್ಯಾಲಿಪರಿನ ಪುಟ್ಟ ಲಿವರ್ ತನ್ನ ಕೊನೆಯ ತಡೆಗೆ ತಾಗಿ ಕೂತಿರಬೇಕು. ಹ್ಯಾಂಡ್‌ಬ್ರೇಕ್ ಹಿಡಿಯಬೇಕಾದರೆ ತುಂಬಾ ಮೇಲಕ್ಕೆ ಎಳೆಯಬೇಕು ಅಂತ ದೂರು ಹೇಳಿದಾಗಲೆಲ್ಲ ಸುಲಭಕ್ಕೆ ಕೇಬಲ್ಲನ್ನೇ ಬಿಗಿದು ಕಳಿಸುವ ಅಭ್ಯಾಸ ಬಹಳ ಕಡೆ ಇದೆ. ಹಾಗೆ ಬಿಗಿದರೆ ಆ ಲಿವರ್ ಯಾವಾಗಲೂ ಅರ್ಧ ಎಳೆದೇ ಇರುತ್ತದೆ. ಒಳಗಿನ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ, ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ, ಪಿಸ್ಟನ್ನೂ ತಿರುಗುವುದಿಲ್ಲ. ಕೇಬಲ್ ಸಡಿಲಿಸಿ ಮತ್ತೆ ಪ್ರಯತ್ನಿಸಿ. ಆಗಲೂ ಬರದಿದ್ದರೆ, ಅಥವಾ ಪಿಸ್ಟನ್ ಸುತ್ತ ಫ್ಲೂಯಿಡ್ ಒಸರಿದ್ದರೆ, ಕ್ಯಾಲಿಪರ್ ನಿಜವಾಗಿ ಹೋಗಿದೆ. ಆ ಮಟ್ಟಿಗೆ ಗ್ಯಾರೇಜಿನವರ ಮಾತು ಸರಿ.

ನೀವು ಕ್ಲ್ಯಾಂಪಿನಲ್ಲಿ ಬಿಗಿದದ್ದರಿಂದ ಒಳಗೆ ಏನಾದರೂ ಮುರಿದಿದೆಯಾ ಅನ್ನುವ ಚಿಂತೆ ನಿಮಗೆ ಇದ್ದೇ ಇರುತ್ತದೆ. ಅದಕ್ಕೂ ಪರೀಕ್ಷೆ ಇದೆ. ಕೆಲಸ ಮುಗಿದು ಎಲ್ಲಾ ಜೋಡಿಸಿ, ಮುಂದೆ ಹೇಳುವ ಹಾಗೆ ಪೆಡಲ್ ಪಂಪ್ ಮಾಡಿದ ಮೇಲೆ, ಚಕ್ರ ಎತ್ತಿರುವಾಗಲೇ ಹ್ಯಾಂಡ್‌ಬ್ರೇಕ್ ಎಳೆಯಿರಿ. ಹಬ್ (ಚಕ್ರ ಕೂರುವ ನಡುಭಾಗ) ಕೈಯಲ್ಲಿ ತಿರುಗಬಾರದು. ಇಳಿಸಿದರೆ ಸರಾಗವಾಗಿ ತಿರುಗಬೇಕು, ಕ್ಯಾಲಿಪರಿನ ಲಿವರ್ ತಾನಾಗಿ ತಡೆಗೆ ಮರಳಬೇಕು. ಇಷ್ಟು ಸರಿಯಾಗಿದ್ದು, ಕೆಲವು ದಿನದ ಓಡಾಟದಲ್ಲಿ ಹ್ಯಾಂಡ್‌ಬ್ರೇಕ್ ಲಿವರ್ ಮೇಲಮೇಲಕ್ಕೆ ಬರದಿದ್ದರೆ ಒಳಗೆ ಏನೂ ಆಗಿಲ್ಲ.

ಪಿಸ್ಟನ್ ಒಳಗೆ ಹೋದ ಮೇಲೆ ಒಂದು ಸಣ್ಣ ವಿಷಯ ಉಳಿಯುತ್ತದೆ, ಅವಸರದಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ. ಒಳಗಿನ ಪ್ಯಾಡಿನ ಬೆನ್ನಿಗೆ ಒಂದು ಗುಬ್ಬಿ (ಸಣ್ಣ ಉಬ್ಬು) ಇದ್ದರೆ ಅದು ಪಿಸ್ಟನ್ ಮುಖದ ಕೊರೆತದೊಳಗೆ ಕೂರಬೇಕು. ಕೊರೆತ ಆ ಗುಬ್ಬಿಗೆ ಎದುರಾಗಿ ಬರುವಷ್ಟು ಪಿಸ್ಟನ್ನನ್ನು ಹಿಂದೆ ಮುಂದೆ ತಿರುಗಿಸಿ ಹೊಂದಿಸಿ. ಹೊಂದದೆ ಬೋಲ್ಟ್ ಬಿಗಿದರೆ ಪ್ಯಾಡ್ ಓರೆಯಾಗಿ ಕೂರುತ್ತದೆ, ಬಿಸಿಯಾಗುತ್ತದೆ, ಒಂದೇ ಕಡೆ ಸವೆಯುತ್ತದೆ. ಅಲ್ಲದೆ ಬ್ರೇಕ್ ಒತ್ತಿದಾಗ ಪಿಸ್ಟನ್ ತಿರುಗದಂತೆ ಹಿಡಿಯುವುದೂ ಆ ಗುಬ್ಬಿಯೇ. ಅದು ಕೂರದಿದ್ದರೆ ಹ್ಯಾಂಡ್‌ಬ್ರೇಕ್ ಅಡ್ಜಸ್ಟ್ ಆಗುವುದೇ ಇಲ್ಲ.

ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲೇ ಬಿಗಿಯಿರಿ. ಸ್ಲೈಡ್ ಪಿನ್ ಬೋಲ್ಟ್ ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಮೀಟರ್, ಚಕ್ರದ ನಟ್ 85ರಿಂದ 120ರೊಳಗೆ ಇರುತ್ತದೆ. ನಿಮ್ಮ ಕಾರಿನ ಮ್ಯಾನುವಲ್ಲಿನ ಸಂಖ್ಯೆಯನ್ನೇ ಹಿಡಿಯಿರಿ. ಕೆಲವು ಕಂಪನಿಗಳು ಕ್ಯಾಲಿಪರ್ ಬೋಲ್ಟ್ ಒಮ್ಮೆ ಬಿಚ್ಚಿದರೆ ಹೊಸದೇ ಹಾಕಿ ಅನ್ನುತ್ತವೆ. ಹಾಗಿದ್ದರೆ ಹಳೆಯದನ್ನು ಮತ್ತೆ ಹಾಕಬೇಡಿ.

ಕಾರು ಅಲ್ಲಾಡಿಸುವ ಮೊದಲು ಬ್ರೇಕ್ ಪೆಡಲನ್ನು ಮೆಲ್ಲಗೆ ಮತ್ತೆ ಮತ್ತೆ ಒತ್ತಿ, ಗಟ್ಟಿಯಾಗುವ ತನಕ. ಮೊದಲ ಒತ್ತಿಗೆ ಪೆಡಲ್ ನೆಲಕ್ಕೇ ಹೋಗಬಹುದು. ಪಿಸ್ಟನ್ ಇನ್ನೂ ದೂರದಲ್ಲಿದೆ ಅಂತ ಅದರ ಅರ್ಥ. ಇದನ್ನು ಮರೆತು ಗೇರ್ ಹಾಕಿದರೆ ಎದುರಿನ ಕಂಬವೇ ಬ್ರೇಕ್ ಆಗುತ್ತದೆ. ಪೆಡಲ್ ಗಟ್ಟಿಯಾದ ಮೇಲೆ ಹ್ಯಾಂಡ್‌ಬ್ರೇಕನ್ನು ಹಲವು ಬಾರಿ ಎಳೆದು ಬಿಡಿ. ಆಮೇಲೂ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಅದನ್ನು ತೆಗೆಯಿಸದೆ ರಸ್ತೆಗೆ ಇಳಿಯಬೇಡಿ. ಫ್ಲೂಯಿಡ್ ಮಟ್ಟ ಮತ್ತೆ ನೋಡಿ. ಬಣ್ಣ ಕಾಫಿಯ ಥರ ಕಪ್ಪಾಗಿದ್ದರೆ ಪೂರ್ತಿ ಬದಲಿಸುವ ಸಮಯ ಬಂದಿದೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಊರಿನೊಳಗೆ ಇದು ಗೊತ್ತಾಗುವುದಿಲ್ಲ. ನಂದಿ ಬೆಟ್ಟದಿಂದ ಬ್ರೇಕ್ ಹಿಡಿದುಕೊಂಡೇ ಇಳಿಯುವಾಗ ಪೆಡಲ್ ಮೆತ್ತಗಾಗುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯ ರೂಢಿ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಮುಂಜಾನೆ ಖಾಲಿ ಇರುವ ಲೇಔಟ್ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, 50ರ ವೇಗದಿಂದ 15ಕ್ಕೆ ಹದವಾಗಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಸ್ವಲ್ಪ ದೂರ ಓಡಿಸಿ ತಣ್ಣಗಾಗಲು ಬಿಟ್ಟು ಮತ್ತೆ ಮಾಡಿ. ಹೀಗೆ ಎಂಟು ಹತ್ತು ಸಲ ಸಾಕು. ಮೊದಲ ಒಂದಿನ್ನೂರು ಕಿಲೋಮೀಟರ್ ಅನಗತ್ಯವಾಗಿ ಜೋರು ಬ್ರೇಕ್ ಹಾಕಬೇಡಿ. ಪ್ಯಾಡಿನ ಮೇಲ್ಮೈಗೆ ಎಣ್ಣೆ, ಗ್ರೀಸ್ ತಾಗಿದ್ದರೆ ಅದು ಎಷ್ಟು ಉಜ್ಜಿದರೂ ಸರಿಹೋಗುವುದಿಲ್ಲ, ಹೊಸದೇ ಬೇಕು.

ನಿಮ್ಮಿಂದ ಆಗುತ್ತಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ: ಆಗುತ್ತದೆ. ಮುಂದಿನದು ಮಾಡಿದ ಕೈಗೆ ಇದು ಕಷ್ಟವಲ್ಲ. ವಿಂಡ್‌ಬ್ಯಾಕ್ ಟೂಲ್, ಸ್ಟ್ಯಾಂಡ್, ಟಾರ್ಕ್ ವ್ರೆಂಚ್ ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಮಾಡಬೇಡಿ. ಆಗ ಬೇರೊಂದು ಗ್ಯಾರೇಜಿಗೆ ಹೋಗಿ, ಪಿಸ್ಟನ್ನನ್ನು ನಿಮ್ಮ ಎದುರಲ್ಲೇ ತಿರುಗಿಸಿ ತೋರಿಸಲು ಹೇಳಿ. ಡಿಸ್ಕಿನ ದಪ್ಪವನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಹೊಸ ಪ್ಯಾಡ್ ಹಾಕಿದ ಮೊದಲ ವಾರ ಆಫೀಸಿನಿಂದ ಬಂದ ಕೂಡಲೇ ಎರಡೂ ಹಿಂದಿನ ಚಕ್ರದ ಹತ್ತಿರ ಕೈ ತಂದು ಬಿಸಿ ನೋಡಿ, ಡಿಸ್ಕ್ ಮುಟ್ಟಬೇಡಿ. ಒಂದು ಕಡೆ ಮಾತ್ರ ಜಾಸ್ತಿ ಕಾದಿದ್ದರೆ, ಸುಟ್ಟ ವಾಸನೆ ಬಂದರೆ ಆ ಕಡೆಯ ಪಿನ್ ಮತ್ತು ಕೇಬಲ್ ಮತ್ತೊಮ್ಮೆ ಬಿಚ್ಚಿ ನೋಡಬೇಕು. ಚಕ್ರದ ನಟ್ಟುಗಳನ್ನು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ವ್ರೆಂಚಿನಲ್ಲಿ ಪರೀಕ್ಷಿಸಿ.